ಕಡೆಗೂ ಫಿಲ್ಮ್ ಹರಿಯುವುದು ನಿಂತಿತು

ಇವತ್ತು ಹಸಿ ಮೇವಿನ 42 ಬೇಲ್‌ಗೆ (ಒತ್ತಿ ಕಟ್ಟಿದ ದೊಡ್ಡ ಉಂಡೆಗೆ) ಗಾಳಿಯಾಡದ ಹಾಗೆ ಪ್ಲಾಸ್ಟಿಕ್ ಫಿಲ್ಮ್ ಸುತ್ತಿದೆ. ಒಂದು ಸಲವೂ ಫಿಲ್ಮ್ ಹರಿಯಲಿಲ್ಲ. ಮೂರು ದಿನ ಬಾಯಿಗೆ ಬಂದ ಬೈಗುಳವನ್ನೆಲ್ಲ ಫಿಲ್ಮ್ ಸುತ್ತುವ ಮೆಷಿನ್ ಆದ ರ‍್ಯಾಪರ್ ಮೇಲೆ ಖರ್ಚು ಮಾಡಿದ ಮೇಲೆ ಸಿಕ್ಕ ಫಲ ಇದು.

ಗೋವಿನಜೋಳ ಯಾವಾಗ ಕೊಯ್ಯಬೇಕು, ಎಷ್ಟು ಸಣ್ಣಗೆ ಕತ್ತರಿಸಬೇಕು ಅನ್ನುವುದು ನಿಮಗೆ ಗೊತ್ತಿರುವುದೇ. ಕಾಳಿನ ಹಾಲಿನ ಗೆರೆ (ಗಟ್ಟಿಯಾದ ಭಾಗಕ್ಕೂ ಹಾಲಿರುವ ಭಾಗಕ್ಕೂ ನಡುವಿನ ಗೆರೆ) ಅರ್ಧಕ್ಕೆ ಇಳಿದಿತ್ತು. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿ ನೋಡಿದೆ, ಹನಿ ಬೀಳಲಿಲ್ಲ, ಉಂಡೆ ಮೆಲ್ಲಗೆ ಬಿಚ್ಚಿಕೊಂಡಿತು. ಹೀಗೆ ಗಾಳಿಯಾಡದಂತೆ ಹುಳಿ ಬರಿಸಿ ಇಡುವ ಮೇವಿಗೆ, ಅಂದರೆ ಸೈಲೇಜ್‌ಗೆ, ಅಥಣಿ ಕಡೆ ನಾವು ಮುರಘಾಸ ಅನ್ನುತ್ತೇವೆ. ಮೇವು ಒತ್ತಿ ಉಂಡೆ ಕಟ್ಟುವ ಬೇಲರ್ ಕೂಡ ಮರ್ಯಾದೆಯಿಂದ ನೆಟ್ ಸುತ್ತಿ ಕೊಟ್ಟಿತು. ಕಾಡಿದ್ದು ಅದರ ಮುಂದಿನ ಕೆಲಸ, ಫಿಲ್ಮ್ ಸುತ್ತುವುದು.

ಬೆಳಿಗ್ಗೆ ಎಲ್ಲ ಸರಿ. ಹನ್ನೊಂದು ಗಂಟೆ ದಾಟಿದರೆ ಸಾಕು, ಎರಡನೇ ಸುತ್ತಿನಲ್ಲೇ ಫಿಲ್ಮ್ ಪಟ್ಟನೆ ಹರಿಯುತ್ತಿತ್ತು. ಮೊದಲ ಅನುಮಾನ ಅಂಗಡಿಯವನ ಮೇಲೆ. 25 ಮೈಕ್ರಾನ್ ದಪ್ಪ ಅಂತ ಹೇಳಿ ತೆಳುವಾದದ್ದು ಕೊಟ್ಟಿದ್ದಾನೆ ಅಂದುಕೊಂಡೆ. ಫೋನ್ ಮಾಡಿದರೆ "ಬಿಸಿಲಿಗೆ ಇಟ್ಟೀರೇನ್ರಿ?" ಅಂತ ನನ್ನನ್ನೇ ಕೇಳಿದ. ಇಟ್ಟಿದ್ದೆ, ಅದು ಬೇರೆ ಮಾತು. ನೆರಳಿನ ಹೊಸ ರೋಲ್ ಹಾಕಿದರೂ ಅದೇ ಹಾಡು.

ಆಗ ಅಳತೆಗೆ ಇಳಿದೆ. ರೋಲ್ ಮೇಲೆ ಮಾರ್ಕರ್‌ನಿಂದ 10 ಸೆಂಟಿಮೀಟರ್ ಅಂತರಕ್ಕೆ ಎರಡು ಗೆರೆ ಎಳೆದು ಸುತ್ತಿಸಿದೆ. ಮೆಷಿನ್‌ನ ರೋಲರ್‌ಗಳು ಫಿಲ್ಮನ್ನು ಜಗ್ಗಿ ಹಿಗ್ಗಿಸಿಯೇ ಸುತ್ತುತ್ತವೆ, ಹಾಗಾಗಿ ಬೇಲ್ ಮೇಲೆ ಆ ಅಂತರ 16–17 ಇರಬೇಕು. ನನ್ನದು 21! 250 ಮಿಲಿಮೀಟರ್ ಅಗಲದ ಫಿಲ್ಮ್ ಸೊರಗಿ ರಿಬ್ಬನ್ ಥರ ಆಗಿತ್ತು. ಎಷ್ಟು ಹಿಗ್ಗಿಸಬೇಕು ಅನ್ನುವುದನ್ನು ಗೊತ್ತು ಮಾಡುವ ಗೇರ್ ಅನುಪಾತ ಬದಲಾಗಿರಲಿಲ್ಲ. ಹಾಗಾದರೆ ಎಳೆಯುತ್ತಿದ್ದವರು ಯಾರು?

ಅಣ್ಣನ ಮಗ ಸುಮ್ನೆ ರೋಲರ್ ಮೇಲೆ ಕೈ ಆಡಿಸಿದ. "ಕಾಕಾ, ಇದು ತಿರಗವಲ್ದು ನೋಡು."

ಆ ರೋಲರ್‌ನ ಕೆಳಗಿನ ಬೇರಿಂಗ್! ಹೊಟ್ಟು, ಧೂಳು ಮತ್ತು ನಾನೇ ಪ್ರೀತಿಯಿಂದ ಮೆತ್ತಿದ ಗ್ರೀಸ್ ಸೇರಿ ಸಗಣಿ ಕುಳ್ಳಿನಷ್ಟು ಗಟ್ಟಿ. ರೋಲರ್ ಬಿಗಿಯಾದಷ್ಟೂ ಬೇಲ್ ಫಿಲ್ಮನ್ನು ಜಾಸ್ತಿ ಜಗ್ಗುತ್ತಿತ್ತು. ಬೆಳಗಿನ ತಂಪಿನಲ್ಲಿ ಫಿಲ್ಮ್ ತಡೆದುಕೊಳ್ಳುತ್ತಿತ್ತು, ಮಧ್ಯಾಹ್ನ ಮೆತ್ತಗಾಗಿ ಕೈ ಕೊಡುತ್ತಿತ್ತು. ಸೀಲ್ ಇರುವ ಹೊಸ ಬೇರಿಂಗ್ ಹಾಕಿದೆ. ಫಿಲ್ಮಿನ ಅಂಟು ಮೆತ್ತಿದ್ದ ರೋಲರ್‌ಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಈಗ ಆ ಗೆರೆಗಳ ಅಂತರ 16.5. ಎರಡು ರೋಲ್ ಹಾಳಾದ ಮೇಲೆ ಬಂದ ಬುದ್ಧಿ, ಏನು ಮಾಡೋದು!

ಹರಿದ ಹನ್ನೊಂದು ಬೇಲನ್ನು ಅವತ್ತೇ ಬಿಚ್ಚಿ ಎಮ್ಮೆಗಳಿಗೆ ಹಾಕಿದೆವು. ಅವುಗಳ ಪ್ರಕಾರ ಮೆಷಿನ್ ಆಗಲೇ ಸರಿಯಾಗಿತ್ತು.

ಸಕ್ಕರೆ ಕಾರ್ಖಾನೆ ಶುರುವಾದರೆ ಹಸಿ ಕಬ್ಬಿನ ಸೋಗೆ ರಾಶಿ ಬೀಳುತ್ತದೆ. ಅದನ್ನೂ ಬೇಲ್ ಮಾಡುವ ಹುಚ್ಚು ಹತ್ತಿದೆ. ಆ ಗರಿಯ ಅಂಚು ಕತ್ತಿ ಇದ್ದ ಹಾಗೆ, ಫಿಲ್ಮ್ ಚುಚ್ಚದೆ ಬಿಡುವುದಿಲ್ಲ. ತೀರಾ ಸಣ್ಣಗೆ ಕತ್ತರಿಸಿ, ನಾಲ್ಕರ ಬದಲು ಆರು ಪದರ ಸುತ್ತಬೇಕು ಅಂತ ಲೆಕ್ಕ. ಚಾಪರ್ ಬ್ಲೇಡ್ ಸಾಣೆಗೆ ಹೋಗಿದೆ. ನಾಡಿದ್ದು ಕೊಡುತ್ತೇನೆ ಅಂದಿದ್ದಾನೆ, ಹೋದ ವಾರದ ನಾಡಿದ್ದು.