ಮಳೆಗಾಲ ಮತ್ತು ವೆಲ್ಡಿಂಗ್ ರಾಡು

ಬೆಳಿಗ್ಗೆಯಿಂದ ಕರಾವಳಿಯಲ್ಲಿ ಬಿಡದ ಮಳೆ. ಮೊಬೈಲಲ್ಲಿ ಮತ್ತೆ ದೊಡ್ಡ ಶಿಪ್‌ಯಾರ್ಡ್‌ಗಳ ಸುದ್ದಿ.

2025ರ ಸೆಪ್ಟೆಂಬರ್‌ನಲ್ಲಿ ಹಡಗು ನಿರ್ಮಾಣಕ್ಕೆಂದು ಕೇಂದ್ರ ಸಂಪುಟ ಒಪ್ಪಿದ ಪ್ಯಾಕೇಜ್ 69,725 ಕೋಟಿ ರೂಪಾಯಿಯದು. ಡ್ರೈಡಾಕ್ (ನೀರು ಖಾಲಿ ಮಾಡಿ ಹಡಗಿನ ಕೆಲಸ ಮಾಡುವ ಕಟ್ಟೆ), ಕ್ರೇನ್ ಎಲ್ಲ ಬರಲಿ, ಬರಲೇಬೇಕು.
ನನಗೆ ಮಾತ್ರ ವೆಲ್ಡಿಂಗ್ ರಾಡಿನದೇ ಯೋಚನೆ.

ಈಗ ಯಾರ್ಡಿನ ಬಹಳಷ್ಟು ಬೆಸುಗೆ ಮೆಷಿನ್‌ನಿಂದ ಸುರುಳಿ ಬಿಚ್ಚಿ ಬರುವ ವೈರ್‌ನಲ್ಲೇ ಆಗುತ್ತೆ. ಆದರೆ ಗಾಳಿ ಬೀಸುವ ಕಡೆ, ಇಕ್ಕಟ್ಟಿನ ಮೂಲೆಯಲ್ಲಿ 7018 ಅನ್ನೋ ಲೇಪನದ ರಾಡೇ ಬೇಕು. ಅದರ ಲೇಪನ ತೇವ ಹೀರುತ್ತೆ. 300–350 ಡಿಗ್ರಿಯಲ್ಲಿ ಒಂದೆರಡು ಗಂಟೆ ಓವನ್‌ನಲ್ಲಿ ಒಣಗಿಸಬೇಕು. ಆಮೇಲೆ ನೂರು ಡಿಗ್ರಿಗಿಂತ ಮೇಲೇ ಇಟ್ಟು, ವೆಲ್ಡರ್ ಪಕ್ಕಕ್ಕೂ ಪೋರ್ಟಬಲ್ ಓವನ್‌ನಲ್ಲೇ ಒಯ್ಯಬೇಕು. ನಾಲ್ಕು ಗಂಟೆ ಹೊರಗೆ ಬಿದ್ದಿದ್ದರೆ ವಾಪಸ್ ಓವನ್‌ಗೆ.

ಒಣಗಿಸದೆ ಬಿಟ್ಟರೆ?
ತೇವದ ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತೆ. ನೋಡೋಕೆ ಜಾಯಿಂಟ್ ಚೆಂದ. ಬಿರುಕು ಬಿಡೋದು ಒಂದೆರಡು ದಿನ ಕಳೆದು. ಅದಕ್ಕೇ ಹೈ ಟೆನ್ಸೈಲ್ (ಹೆಚ್ಚು ಗಟ್ಟಿಯ) ಉಕ್ಕಿಗೆ, ಶಬ್ದತರಂಗದಿಂದ ಒಳಗಿನ ಬಿರುಕು ಹುಡುಕುವ ಅಲ್ಟ್ರಾಸಾನಿಕ್ ಪರೀಕ್ಷೆ ಸಾಮಾನ್ಯವಾಗಿ 48 ಗಂಟೆ ಆದಮೇಲೆ. ಬಿರುಕು ಸಿಕ್ಕರೆ ಆ ಬೆಸುಗೆಯನ್ನು ಗೌಜ್ ಮಾಡಿ, ಅಂದರೆ ಕೊರೆದು ತೆಗೆದು, ಮತ್ತೆ ಬೆಸೆಯಬೇಕು. ಅಷ್ಟರಲ್ಲಿ ಹಡಗಿನ ಆ ಬ್ಲಾಕ್‌ನ (ಭಾಗದ) ಪೈಪು, ಪೇಂಟು ಎರಡೂ ನಿಂತಿರುತ್ತೆ.

ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ಗೆ ನಾರ್ವೆಯಿಂದ ಸರಕು ಹಡಗುಗಳ ಆರ್ಡರ್ ಬಂದಿದೆ. ತುಂಬಾ ಖುಷಿ. ಆ ಕೆಲಸ ನಮ್ಮ ಐಟಿಐ ಹುಡುಗ ಹುಡುಗಿಯರಿಗೇ ಸಿಗಲಿ. ಅದಕ್ಕೆ ಫ್ಲಾಟ್, ಅಂದರೆ ಮಲಗಿಸಿದ ಪ್ಲೇಟಿನ ಬೆಸುಗೆ ಬಂದರೆ ಸಾಲದು. ವರ್ಟಿಕಲ್ (ನಿಂತ ಪ್ಲೇಟು), ಓವರ್‌ಹೆಡ್ (ತಲೆ ಮೇಲಿನ ಪ್ಲೇಟು) ಎರಡರಲ್ಲೂ ಹಡಗಿನ ಗುಣಮಟ್ಟ ತಪಾಸಿಸುವ ಸರ್ವೇಯರ್ ಎದುರು ಟೆಸ್ಟ್ ಪಾಸಾಗಬೇಕು. ಕೈ ಕೂರಬೇಕಾದರೆ ಪ್ಲೇಟು, ರಾಡು ಧಾರಾಳವಾಗಿ ಸುಡಬೇಕು.
ಕರಾವಳಿಯ ಐಟಿಐಗಳಿಗೆ ಮೊದಲು ಆ ಪ್ಲೇಟು, ರಾಡು, ಒಂದೊಂದು ಓವನ್ ಕೊಡಿ.