ಗಂಜಿ ಪಾತ್ರೆಯ ದೀಪ

ಕಾರಿನ ಡ್ಯಾಶ್‌ಬೋರ್ಡಿನ ಆ ಹಳದಿ ದೀಪವನ್ನು ಮೊದಲು ನೋಡಿದ್ದು ನಾನಲ್ಲ, ಅಮ್ಮ. ಒಂದು ಕಣ್ಣಿಗೆ ಪೊರೆ ಬಂದವರು. ಆಟಿ ತಿಂಗಳ ಒಂದು ಭಾನುವಾರ, ಜೋರು ಮಳೆ, ಕಾಸರಗೋಡಿನ ಸೀತಾಂಗೋಳಿ ಪೇಟೆ ದಾಟುತ್ತಿದ್ದೆವು.

"ಅದೆಂತದು ಮಾರಾಯ, ಗಂಜಿ ಪಾತ್ರೆಯೊಳಗೆ ಸೌಟು ನಿಲ್ಲಿಸಿದ ಹಾಗೆ?"

ನೋಡಿದರೆ ಹೌದು, ಹಾಗೇ ಇತ್ತು. ಟಯರನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಆಕಾರ ಅದು. ಮೇಲೆ ಬಾಯಿ ತೆರೆದಿದೆ, ತಳದಲ್ಲಿ ಹಲ್ಲುಹಲ್ಲು, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಗಾಳಿ ಕಮ್ಮಿ ಅಂತ ಅರ್ಥ. ಅಷ್ಟು ನನಗೂ ಗೊತ್ತಿತ್ತು.

ಮನೆಗೆ ಬಂದು ಕೊಡೆ ಹಿಡಿದುಕೊಂಡು ನಾಲ್ಕೂ ಟಯರಿಗೆ ಒಂದೊಂದು ಒದೆ ಕೊಟ್ಟೆ. ಎಲ್ಲ ಗಟ್ಟಿ. ಕಣ್ಣಿಗೂ ಒಂದೇ ಥರ ಕಂಡವು. ಈಗಿನ ರೇಡಿಯಲ್ ಟಯರುಗಳ ಹೊಟ್ಟೆ ಗಾಳಿ ಸರಿಯಿದ್ದರೂ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. ಸರಿಯಾಗಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದೂ ಇಳಿದು 25 ಇದ್ದದ್ದೂ ಪಕ್ಕಪಕ್ಕ ನಿಂತರೆ ಅವಳಿ ಮಕ್ಕಳ ಹಾಗೆ. ಹಾಗಾಗಿ ತಪ್ಪು ದೀಪದ್ದೇ ಅಂತ ತೀರ್ಮಾನ ಮಾಡಿದೆ. ಸ್ಟೀರಿಂಗಿನ ಬಲಗಡೆ ಕೆಳಗೆ ಅದೇ ಗಂಜಿ ಪಾತ್ರೆಯ ಚಿತ್ರವಿದ್ದ ಒಂದು ಬಟನ್ ಇತ್ತು. ಒತ್ತಿ ಹಿಡಿದೆ. ದೀಪ ಮಿಣುಕಿತು, ಆರಿತು. ರಗಳೆ ಮುಗಿಯಿತು ಅಂತ ಒಳಗೆ ಹೋಗಿ ಚಹಾ ಕುಡಿದೆ.

ಬುಧವಾರ ಅಮ್ಮನನ್ನು ಮಂಗಳೂರಿಗೆ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಬೆಳಗ್ಗೆ ಏಳಕ್ಕೆ ಹೊರಟು ಕುಂಬಳೆಯಲ್ಲಿ ಹೆದ್ದಾರಿ ಹತ್ತಿದೆವು. ಹೊಸ ಹೆದ್ದಾರಿ, ಕಾಲು ತನ್ನಷ್ಟಕ್ಕೇ ಆಕ್ಸಿಲರೇಟರನ್ನು ಒತ್ತುತ್ತದೆ. ಬಂದ್ಯೋಡಿನ ಹತ್ತಿರ ಸ್ಟೀರಿಂಗ್ ಎಡಕ್ಕೆ ಎಳೆಯತೊಡಗಿತು. ರಸ್ತೆಯ ಇಳಿಜಾರು ಇರಬೇಕು ಅಂದುಕೊಂಡೆ. ಅಮ್ಮ, "ಯಾಕೆ ಕರೆಗೆ ಕರೆಗೆ ಹೋಗ್ತಿ?" ಎಂದರು. ಉಪ್ಪಳ ದಾಟಿದ ಮೇಲೆ ಮತ್ತೆ ಗಂಜಿ ಪಾತ್ರೆ. ಈ ಸಲ ಒತ್ತುವ ಧೈರ್ಯ ಬರಲಿಲ್ಲ. ಮೆಲ್ಲ ಸರ್ವಿಸ್ ರಸ್ತೆಗೆ ಇಳಿಸಿ ಹೊಸಂಗಡಿಯ ಒಂದು ಪಂಕ್ಚರ್ ಅಂಗಡಿಯೆದುರು ನಿಲ್ಲಿಸಿದೆ.

ಅಂಗಡಿಯವ ಎದುರಿನ ಎಡ ಟಯರಿಗೆ ಕೈ ಇಟ್ಟವನು ಫಕ್ಕನೆ ತೆಗೆದ. "ತೊಟ್ಟು ನೋಕ್ಕ್," ಎಂದ ಮಲಯಾಳದಲ್ಲಿ, ಮುಟ್ಟಿ ನೋಡಿ ಅಂತ. ಮುಟ್ಟಿದೆ. ಮಳೆಯಲ್ಲಿ ಬಂದ ಟಯರು, ಒಲೆಯಿಂದ ಇಳಿಸಿದ ಕಾವಲಿಯ ಹಾಗೆ ಬಿಸಿ. ಮೀಟರ್ ಇಟ್ಟರೆ 13. "ಕಾಟ್ಟ್ ಇಲ್ಲ ಮಾಷೇ." ನಾನು ಮಾಷ್ಟ್ರು ಅಂತ ಅವನಿಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ಕಾರು ನಿಂತು ಎರಡು ನಿಮಿಷವಾಗಿತ್ತು, ಅಮ್ಮ ನಮ್ಮ ಕುಲಗೋತ್ರವೆಲ್ಲ ಹೇಳಿಯಾಗಿತ್ತು. ನಮಗೆ ಕಾಟು ಅಂದರೆ ಕಾಟುಮಾವಿನಹಣ್ಣು, ಅವನಿಗೆ ಕಾಟ್ಟ್ ಅಂದರೆ ಗಾಳಿ. ಯಾವ ಭಾಷೆಯಲ್ಲಿ ಹೇಳಿದರೂ ಅದು ಇರಲಿಲ್ಲ.

ನೀರಿಗೆ ಸೋಪು ಕಲಸಿ ಬಳಿದ. ಒಂದು ಸಣ್ಣ ಸ್ಕ್ರೂ, ಅದರ ತಲೆಯ ಸುತ್ತ ನಿಧಾನಕ್ಕೆ ಗುಳ್ಳೆ. ಎಷ್ಟು ದಿನದಿಂದ ಇತ್ತೋ ಏನೋ. ಅದನ್ನು ಕಿತ್ತು ತೂತಿಗೆ ರಬ್ಬರ್ ಸ್ಟ್ರಿಪ್ ತುರುಕಿದರೆ ಆಯಿತಲ್ಲ ಅಂದೆ. ಅವನು ಉತ್ತರ ಕೊಡದೆ ಟಯರನ್ನು ರಿಮ್ಮಿನಿಂದ ಬಿಡಿಸಿ ಓರೆ ಮಾಡಿದ. ಒಳಗಿಂದ ಕರಿ ಪುಡಿ ಸುರಿಯಿತು. ಅಂಗೈಯಲ್ಲಿ ಹಿಡಿದು ತೋರಿಸಿದ. ಎರಡು ಚಮಚೆ ಇದ್ದೀತು. ನೋಡಲು ಥೇಟ್ ಕಾಫಿ ಪುಡಿ. ಆಮೇಲೆ ನನ್ನ ಬೆರಳನ್ನೇ ಹಿಡಿದು ಟಯರಿನ ಒಳಗೋಡೆಯ ಮೇಲೆ ಆಡಿಸಿದ. ಉಳಿದ ಕಡೆ ನುಣುಪು. ಅಲ್ಲಿ ಮಾತ್ರ ಸುತ್ತಲೂ ಒಂದು ಬಳೆಯಗಲ ತರಿತರಿ, ಒಂದೆರಡು ಕಡೆ ನೂಲು ಕಾಣುತ್ತಿತ್ತು.

ಗಾಳಿ ಕಮ್ಮಿಯಾದ ಟಯರು ಪ್ರತಿ ಸುತ್ತಿಗೂ ಬದಿಗೋಡೆಯನ್ನು ಮಡಚಿ ಬಿಡಿಸಿ ಮಾಡುತ್ತದೆ. ಒಂದು ಕಿಲೋಮೀಟರಿಗೆ 500ಕ್ಕೂ ಜಾಸ್ತಿ ಸಲ. ಮಡಚಿದಲ್ಲಿ ಬಿಸಿ, ಬಿಸಿಯಾದಲ್ಲಿ ಸವೆತ. ಸ್ಕ್ರೂ ಮಾಡಿದ ತೂತು ಸಾಸಿವೆ ಕಾಳಿನಷ್ಟು. ಟಯರನ್ನು ಕೊಂದದ್ದು ತೂತಲ್ಲ, ಅದರ ಮೇಲೆ ನಾನು ಓಡಿಸಿದ ದಾರಿ. ಬದಿಗೋಡೆ ಹೋದ ಟಯರಿಗೆ ತೇಪೆ ಇಲ್ಲ. ಇನ್ನೂ ಹತ್ತು ಕಿಲೋಮೀಟರ್ ಅದೇ ವೇಗದಲ್ಲಿ ಹೋಗಿದ್ದರೆ ಏನಾಗುತ್ತಿತ್ತು ಅಂತ ಅವನು ಹೇಳಲಿಲ್ಲ. ಅಮ್ಮ ಪಕ್ಕದಲ್ಲೇ ಇದ್ದರಲ್ಲ.

ಕೇಳಿದ್ದು ಒಂದೇ. "ಸೆಟ್ ಬಟನ್ ಒತ್ತಿದ್ರಾ?"

ಒತ್ತಿದೆ ಅಂದೆ. ನಕ್ಕ.

ಸ್ಟೆಪ್ನಿ ಹಾಕೋಣ ಅಂತ ಡಿಕ್ಕಿ ತೆಗೆದರೆ ಅದರಲ್ಲಿ 15. ನಾಲ್ಕು ಚಕ್ರ ಕಾಯುವ ವ್ಯವಸ್ಥೆ ಐದನೆಯದರ ತಂಟೆಗೆ ಹೋಗುವುದಿಲ್ಲ, ನಾನೂ ಹೋಗಿರಲಿಲ್ಲ. ಪುಣ್ಯಕ್ಕೆ ಅಂಗಡಿಯಲ್ಲಿ ಕಂಪ್ರೆಸರ್ ಇತ್ತು. ದಾರಿ ನಡುವೆ ಆಗಿದ್ದರೆ?

ಆಸ್ಪತ್ರೆಗೆ ಒಂದೂವರೆ ಗಂಟೆ ತಡ. ಅಮ್ಮನ ಕಣ್ಣಿಗೆ ಮದ್ದು ಬಿಟ್ಟು ಕೂರಿಸಿದರು. ನಾನು ಗ್ಲೌಬಾಕ್ಸಿನಿಂದ ಕಾರಿನ ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಮೂರು ವರ್ಷದಲ್ಲಿ ಅದರ ಪ್ಲಾಸ್ಟಿಕ್ ಕವರ್ ಹರಿದದ್ದು ಅದೇ ಮೊದಲು.

ಓದಿದಾಗ ನಾಚಿಕೆಯಾಯಿತು. ಯಾಕೆಂದರೆ ಅದು ನಾನು ಎಂಟನೇ ಕ್ಲಾಸಿಗೆ ಕಲಿಸುವ ಲೆಕ್ಕ. ನನ್ನ ಕಾರಿನ ಟಯರುಗಳೊಳಗೆ ಗಾಳಿ ಅಳೆಯುವ ಯಂತ್ರವೇ ಇಲ್ಲ. ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್‌ಗಾಗಿ ಪ್ರತಿ ಚಕ್ರದ ಸುತ್ತು ಎಣಿಸುವ ಸೆನ್ಸರ್ ಹೇಗೂ ಇರುತ್ತದೆ. ಗಾಳಿ ಇಳಿದ ಟಯರು ಸ್ವಲ್ಪ ಕುಗ್ಗುತ್ತದೆ, ಅಂದರೆ ಅದರ ತ್ರಿಜ್ಯ ಚೂರು ಕಮ್ಮಿಯಾಗುತ್ತದೆ. ಸಣ್ಣ ಚಕ್ರ ಅದೇ ದೂರಕ್ಕೆ ಜಾಸ್ತಿ ಸುತ್ತಬೇಕು, ಅಲ್ವಾ? ವ್ಯತ್ಯಾಸ ನೂರಕ್ಕೆ ಒಂದು ಪಾಲೂ ಇಲ್ಲ, ಕಿಲೋಮೀಟರಿಗೆ ಒಂದೆರಡು ಸುತ್ತು ಅಷ್ಟೇ. ಅದನ್ನು ಹಿಡಿದು ಕಾರಿನ ಕಂಪ್ಯೂಟರ್ ದೀಪ ಹಚ್ಚುತ್ತದೆ. ನಿಜಕ್ಕೂ ಜಾಣತನ.

ಆದರೆ ಹೋಲಿಸಲು ಅದಕ್ಕೊಂದು ಲೆಕ್ಕ ಬೇಕು. ಆ ಬಟನ್ ಇರುವುದು ಅದಕ್ಕೆ. ನಾಲ್ಕೂ ಟಯರಿಗೆ ಸರಿಯಾಗಿ ಗಾಳಿ ತುಂಬಿಸಿದ ಮೇಲೆ ಒತ್ತಬೇಕು. ಈಗ ಇರುವುದೇ ಸರಿ, ಇದನ್ನು ನೆನಪಿಟ್ಟುಕೋ ಅಂತ ಹೇಳಿದ ಹಾಗೆ. ನಾನು ಗಾಳಿ ಇಳಿದ ಟಯರು ಇಟ್ಟುಕೊಂಡು ಒತ್ತಿದ್ದೆ. ತಪ್ಪು ಉತ್ತರವನ್ನು ಬೋರ್ಡಿನ ಮೇಲೆ ಬರೆದು ಇದೇ ಸರಿ ಅಂತ ಕಲಿಸಿದ್ದೆ. ಅದು ವಿಧೇಯ ವಿದ್ಯಾರ್ಥಿ, ಕಲಿತುಕೊಂಡಿತು. ಅಲ್ಲಿಂದ ಮತ್ತೂ ಸಾಕಷ್ಟು ಇಳಿಯುವ ತನಕ ಬಾಯಿ ಬಿಡಲಿಲ್ಲ.

ಮಾವನ ಮಗನಿಗೆ ಫೋನ್ ಮಾಡಿದೆ. ಅವನದು ಬೇರೆ ಥರದ್ದು. ಪ್ರತಿ ಟಯರಿನೊಳಗೆ, ವಾಲ್ವಿನ ಬುಡದಲ್ಲಿ, ಬೆಂಕಿಪೆಟ್ಟಿಗೆ ಗಾತ್ರದ ಸೆನ್ಸರ್. ಅದು ಗಾಳಿಯ ಒತ್ತಡ, ಬಿಸಿ ಎರಡನ್ನೂ ಅಳೆದು ರೇಡಿಯೋದಲ್ಲಿ ಹೇಳುತ್ತದೆ. ಯಾವ ಚಕ್ರದಲ್ಲಿ ಎಷ್ಟು ಅಂತ ಎದುರಿನ ಪರದೆಯಲ್ಲೇ ಕಾಣುತ್ತದೆ. ನನ್ನದು ಮನೆಯಲ್ಲಿ ಯಾರಿಗೋ ಜ್ವರ ಅಂತ ಹೇಳಿ ಸುಮ್ಮನಾಗುವ ಜಾತಿ, ಅವನದು ಯಾರಿಗೆ ಎಷ್ಟು ಡಿಗ್ರಿ ಅಂತಲೂ ಹೇಳುತ್ತದೆ. ಹಾಗಂತ ಅವನಿಗೂ ಸುಖವಿಲ್ಲ. ಸೆನ್ಸರಿನ ಬ್ಯಾಟರಿ ಒಳಗೇ ಬೆಸೆದು ಇಟ್ಟದ್ದು. ಏಳೆಂಟು ವರ್ಷಕ್ಕೆ ಮುಗಿದರೆ ಇಡೀ ಸೆನ್ಸರನ್ನೇ ಎಸೆಯಬೇಕು. ಟಯರ್ ಬಿಚ್ಚುವವನಿಗೆ ಮೊದಲೇ ಹೇಳದಿದ್ದರೆ ಬಿಚ್ಚುವ ಸರಳಿನ ಒಂದೇ ಏಟಿಗೆ ಸೆನ್ಸರ್ ಮುರಿಯುತ್ತದೆ. ಒಮ್ಮೆ ದೀಪ ಒಂದು ನಿಮಿಷದಷ್ಟು ಮಿಣುಕಿ ಆಮೇಲೆ ಹಾಗೇ ನಿಂತಿತಂತೆ. ಗಾಳಿ ತುಂಬಿಸಿ ತುಂಬಿಸಿ ಸುಸ್ತಾದ. ಮಿಣುಕಿ ನಿಂತರೆ ಟಯರಿಗಲ್ಲ, ಆ ವ್ಯವಸ್ಥೆಗೇ ಕಾಯಿಲೆ ಅಂತ ಅರ್ಥ.

"ಧನು ತಿಂಗಳ ಬೆಳಗ್ಗೆ 31 ತೋರಿಸ್ತದೆ, ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿದ್ರೆ 35. ನೋಡಿ ನೋಡಿ ಮರುಳು ಹಿಡೀತದೆ ಭಾವ," ಎಂದ. ಅದು ಸಹಜ. 10 ಡಿಗ್ರಿ ಬಿಸಿಗೆ ಒಂದೂವರೆ ಪಿಎಸ್‌ಐ ಆಚೀಚೆ ಆಗುತ್ತದೆ. ಅದಕ್ಕೇ ಚಾಲಕನ ಬಾಗಿಲ ಕಂಬದಲ್ಲಿ ಅಂಟಿಸಿದ ಅಂಕಿಯನ್ನು ಬೆಳಗ್ಗೆ ಟಯರು ತಣ್ಣಗಿರುವಾಗಲೇ ನೋಡಬೇಕು. ಓಡಿ ಬಂದ ಟಯರಿನಿಂದ ಗಾಳಿ ಬಿಡಬಾರದು.

ಅಮೆರಿಕದಲ್ಲಿ ಟಯರು ಕಿತ್ತು, ಕಾರುಗಳು ಪಲ್ಟಿಯಾಗಿ ಜನ ಸತ್ತ ಮೇಲೆ 2000ದಲ್ಲಿ ಕಾನೂನು ಬಂತು, 2007ರ ಹೊತ್ತಿಗೆ ಹೊಸ ಕಾರುಗಳಿಗೆಲ್ಲ ಈ ದೀಪ ಕಡ್ಡಾಯವಾಯಿತು. ಅಲ್ಲಿನ ನಿಯಮದಂತೆ ಇರಬೇಕಾದ ಒತ್ತಡಕ್ಕಿಂತ 25 ಶೇಕಡಾ ಇಳಿದಾಗ ದೀಪ ಹತ್ತಬೇಕು. 33ರ ಟಯರಿಗೆ ಲೆಕ್ಕ ಹಾಕಿ, ಸುಮಾರು 25 ಆಗುವ ತನಕ ಅದು ಮಲಗಿರಬಹುದು. ಯುರೋಪಿನಲ್ಲಿ 2014ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ನಮ್ಮಲ್ಲಿ 2020ರಲ್ಲಿ ಒಂದು ತಮಾಷೆಯ ರಿಯಾಯಿತಿ ಬಂತು. ಕಾರಿಗೆ ಟ್ಯೂಬ್‌ಲೆಸ್ ಟಯರು, ಈ ದೀಪ, ಒಂದು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡಬೇಕಾಗಿಲ್ಲ ಅಂತ. ಡಿಕ್ಕಿಯಲ್ಲಿ ಜಾಗ ಉಳಿಯುತ್ತದೆ, ಒಪ್ಪಿದೆ. ಆದರೆ ಆ ಕರಿ ಪುಡಿಯನ್ನು ಯಾವ ಕಿಟ್ ಹಾಕಿ ಅಂಟಿಸುವುದು? 15 ಇದ್ದರೂ ಸರಿ, ನನಗೆ ಸ್ಟೆಪ್ನಿಯೇ ಬೇಕು.

ಅಷ್ಟರಲ್ಲಿ ಅಮ್ಮ ಹೊರಗೆ ಬಂದರು. ಕಣ್ಣಿಗೆ ಮದ್ದು ಬಿಟ್ಟದ್ದರಿಂದ ಗೋಡೆ ಹಿಡಿದುಕೊಂಡು, ಆದರೆ ಮುಖದಲ್ಲಿ ನಗು. ಪರೀಕ್ಷೆ ಮಾಡುವಾಗ ಕಣ್ಣಿಗೆ ಒಂದು ಮಿಷನ್ನಿನಿಂದ ಫುಸ್ ಅಂತ ಗಾಳಿ ಊದಿದರಂತೆ. ಕಣ್ಣಿನೊಳಗಿನ ಒತ್ತಡ ನೋಡುವುದು ಹಾಗೆ. 10ರಿಂದ 21ರ ಒಳಗಿದ್ದರೆ ಚಿಂತೆಯಿಲ್ಲ ಅಂತ ಅಲ್ಲಿದ್ದ ಹುಡುಗಿ ಹೇಳಿಕೊಟ್ಟಿದ್ದಳು.

"ನನ್ನದು ಎಷ್ಟು ಉಂಟು ಗೊತ್ತುಂಟಾ?" ಅಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡರು. "16. ನಿನ್ನ ಟಯರಿಗಿಂತ ಜಾಸ್ತಿ."