ದಪ್ತರದ ಗಂಟು ಬಿಚ್ಚುತ್ತಾ: ಆರನೇ ವಾರ

ಲಿಂಗಸುಗೂರಿನ ನಮ್ಮ ಮನೆಯಲ್ಲಿ ಒಂದು ಪದ ಹಿಡಿದು ಕೂತು ಇವತ್ತಿಗೆ ಆರು ವಾರ ಆಯ್ತು. ಪುಸ್ತಕದಲ್ಲಿ ಅದು ದಫ್ತರ. ನಮ್ಮ ಬಾಯಲ್ಲಿ ದಪ್ತರ.

ಶುರುವಾಗಿದ್ದು ಅಜ್ಜನ ಒಂದು ಮಾತಿನಿಂದ. ಬ್ಯಾಂಕಿಗೆ ಹಳೇ ಪಹಣಿ ಬೇಕಿತ್ತು. ಎಲ್ಲಿದೆ ಅಜ್ಜ ಅಂದೆ. "ದಪ್ತರದಾಗ ಐತಿ ನೋಡಪ್ಪ" ಅಂದರು. ದಪ್ತರ ಅಂದ್ರೆ ಟ್ರಂಕಿನ ತಳದಲ್ಲಿರುವ ಕೆಂಪು ಬಟ್ಟೆಯ ಗಂಟು. ಬಟ್ಟೆ ಈಗ ಇಟ್ಟಿಗೆ ಪುಡಿಯ ಬಣ್ಣಕ್ಕೆ ಬಂದಿದೆ. ಒಂದು ಮೂಲೆಗೆ ಉದ್ದನೆಯ ಲಾಡಿ ಹೊಲಿದಿದ್ದಾರೆ. ಮೂರು ಮೂಲೆ ಒಳಗೆ ಮಡಚಿ, ನಾಲ್ಕನೆಯದನ್ನು ಮೇಲೆ ತಂದು, ಲಾಡಿಯನ್ನು ಎರಡು ಸುತ್ತು ಸುತ್ತಿ ಸಿಕ್ಕಿಸಬೇಕು. ಗಂಟು ಹಾಕಿದರೆ ಅಜ್ಜ ಬೈತಾರೆ. ಒಳಗೆ ಉರ್ದುವಿನಲ್ಲಿ ಬರೆದ ಖರೀದಿ ಪತ್ರ, ಕಂದಾಯದ ರಸೀದಿಗಳು, ಪಹಣಿ, ಎಲ್ಲಕ್ಕಿಂತ ಮೇಲೆ ನನ್ನ ಮಗಳ ತಾಯಿ ಕಾರ್ಡ್.

ಮೊದಲೆರಡು ವಾರ ಸುಲಭದ ದಾರಿ. ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿನ ದಾಖಲೆಗಳ ಕಚೇರಿಯ ಹೆಸರೇ ದಫ್ತರ್-ಎ-ದಿವಾನಿ. ಉರ್ದುವಿಗೆ ಪದ ಬಂದಿದ್ದು ಪಾರ್ಸಿಯಿಂದ. ಪಾರ್ಸಿಯಲ್ಲೂ ಅರಬ್ಬಿಯಲ್ಲೂ ದಫ್ತರ್ ಇದೆ. ಹಿಂದಿಯಲ್ಲಿ ದಫ್ತರ್ ಅಂದ್ರೆ ಆಫೀಸು. ಮರಾಠಿ ಮಕ್ಕಳಿಗೆ ದಪ್ತರ್ ಅಂದ್ರೆ ಶಾಲೆಗೆ ಹೊರುವ ಚೀಲ, ನಮ್ಮ ಪಾಟಿಚೀಲ! ಉರ್ದು ಮಕ್ಕಳು ಅದನ್ನೇ ಬಸ್ತಾ ಅಂತಾರೆ. ಬಸ್ತಾ ಅಂದ್ರೆ ಕಟ್ಟಿದ್ದು. ನಮ್ಮ ಬಂದೋಬಸ್ತಿನ ಬಸ್ತ್ ಕೂಡ ಅದೇ. ಅದರಲ್ಲಿರುವ ಬಂದ್, ಸಂಸ್ಕೃತದ ಬಂಧಕ್ಕೆ ಒಡಹುಟ್ಟು.

ಮೂರನೇ ವಾರ ದಾರಿ ತಪ್ಪಿದೆ. ತಪ್ಪಿದ್ದನ್ನೂ ಬರೆದಿಡ್ತೀನಿ, ಯಾಕಂದ್ರೆ ಆ ದಾರಿ ಬಹಳ ಚೆಂದ ಇತ್ತು. ಹಳೆಯ ಪಾರ್ಸಿಯಲ್ಲಿ ದಿಪಿ ಅಂದ್ರೆ ಬರಹ. ಅಶೋಕನ ಶಾಸನಗಳಲ್ಲಿ 'ಧಮ್ಮಲಿಪಿ' ಅಂತ ಬರುತ್ತದಲ್ವಾ, ವಾಯವ್ಯದ ಶಾಹಬಾಜ್‌ಗಢಿಯ ಬಂಡೆಯಲ್ಲಿ ಅದೇ ಪದ 'ದಿಪಿ' ಅಂತಿದೆ. ದಫ್ತರ, ದಿಪಿ, ಲಿಪಿ ಮೂರೂ ಒಂದೇ ಬಳ್ಳಿ ಅಂದುಕೊಂಡೆ. ಖುಷಿಗೆ ಗಾಡಿ ಹತ್ತಿ ಮಸ್ಕಿಗೆ ಹೋಗಿ ಬಂದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನ ಅದು. ಅಶೋಕ ಎಂಬ ಹೆಸರನ್ನೇ ಹೊತ್ತ ಬಂಡೆ. ಅದರ ಮುಂದೆ ನಿಂತಾಗ ನನ್ನ ಬಳ್ಳಿ ಗಟ್ಟಿ ಅನ್ನಿಸಿತ್ತು.

ಮನೆಗೆ ಬಂದು ಅಕ್ಷರ ಅಕ್ಷರ ಕೂಡಿಸಿದೆ. ಕೂಡಲಿಲ್ಲ. ದಿಪಿಯಿಂದ ದಫ್ತರದ 'ಫ್ತ' ಹೇಗೆ ಬರಬೇಕು? ಬರುವುದಿಲ್ಲ. ದಿಪಿಯ ಬಳ್ಳಿಯಲ್ಲಿ ಇರುವುದು ದಬೀರ, ಅಂದ್ರೆ ಬರಹಗಾರ. ದಿವಾನವನ್ನೂ ಅನೇಕ ವಿದ್ವಾಂಸರು ಅಲ್ಲಿಗೇ ಸೇರಿಸುತ್ತಾರೆ. ದಫ್ತರ ಬೇರೆ ಊರಿನದು. ನೋಟ್‌ಬುಕ್ಕಿನ ಎರಡು ಪುಟ ಹೊಡೆದು ಹಾಕಿದೆ.

ಅದರ ಊರು ಗ್ರೀಸ್. ಗ್ರೀಕಿನಲ್ಲಿ ದಿಫ್ಥೆರಾ ಅಂದ್ರೆ ಹದ ಮಾಡಿದ ಚರ್ಮ. ಮೂರು ಸಾವಿರ ವರ್ಷಕ್ಕಿಂತ ಹಳೆಯ, ಗ್ರೀಸಿನ ಮೈಸೀನಿಯಾ ಕಾಲದ ಮಣ್ಣಿನ ಹಲಗೆಗಳಲ್ಲೇ ಪದ ಸಿಗುತ್ತದೆ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಕಡೆ ಬರೆದಿದ್ದಾನೆ: ಅಯೋನಿಯಾದ ಗ್ರೀಕರು ಪುಸ್ತಕಕ್ಕೆ ಚರ್ಮ ಅನ್ನುತ್ತಾರೆ, ಹಿಂದೆ ಪಪೈರಸ್ ಎಂಬ ಜೊಂಡಿನ ಹಾಳೆ ಸಿಗದಾಗ ಆಡು ಕುರಿಗಳ ಚರ್ಮದ ಮೇಲೆ ಬರೆಯುತ್ತಿದ್ದರಲ್ಲ, ಅದಕ್ಕೆ. ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಚರ್ಮ ಪುಸ್ತಕವಾಯ್ತು. ಅಲ್ಲಿಂದ ಪೂರ್ವಕ್ಕೆ ಬಂದು ಲೆಕ್ಕದ ಪುಸ್ತಕ, ಪುಸ್ತಕಗಳ ಕಂತೆ, ಕಂತೆ ಇಡುವ ಕೋಣೆ, ಕೊನೆಗೆ ಇಡೀ ಆಫೀಸು. ತುರ್ಕರಲ್ಲಿ ಅದು ದೆಫ್ತೆರ್. ಆಟೊಮನ್ನರ ಖಜಾನೆ ನೋಡುವ ದೊಡ್ಡ ಅಧಿಕಾರಿ ದೆಫ್ತೆರ್‌ದಾರ್. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ದಫ್ತರಿ ಅಂದ್ರೆ ನೋಟ್‌ಬುಕ್. ಇಂಡೋನೇಷ್ಯಾದಲ್ಲಿ ದಫ್ತರ್ ಅಂದ್ರೆ ಪಟ್ಟಿ. ಪುಸ್ತಕದ ಪರಿವಿಡಿಗೆ ಅಲ್ಲಿ 'ದಫ್ತರ್ ಇಸಿ'. ಸುಮ್ನೆ ನೋಡೋಣ ಅಂತ ಫೋನಿನ ಭಾಷೆಯನ್ನು ಇಂಡೋನೇಷ್ಯಾದ್ದಕ್ಕೆ ಬದಲಿಸಿದೆ. ಹೆಸರು ನೋಂದಾಯಿಸುವ ಬಟನ್ ಮೇಲೆ 'ದಫ್ತರ್' ಅಂತ ಬಂತು! ಅಜ್ಜನಿಗೆ ಓದಿ ತೋರಿಸಿದೆ. "ಅಲ್ಲೂ ಐತಾ ನಮ್ ದಪ್ತರ?" ಅಂದರು.

ಎಲ್ಲಕ್ಕಿಂತ ಜಾಸ್ತಿ ನನಗೆ ಹಿಡಿಸಿದ್ದು ಗ್ರೀಕರ ಕಥೆ. ಪದವನ್ನು ಕೊಟ್ಟವರೇ ಅದನ್ನು ತುರ್ಕರಿಂದ ವಾಪಸ್ ಪಡೆದರು. ಈಗ ಅಲ್ಲಿ ಅದು ತೆಫ್ತೇರಿ, ಹಳ್ಳಿ ಅಂಗಡಿಯಲ್ಲಿ ಸಾಲ ಬರೆದಿಡುವ ಪುಸ್ತಕ. ನಮ್ಮ ಕಿರಾಣಿ ಅಂಗಡಿಯ ಉದ್ರಿ ಬುಕ್ಕು ಅನ್ನಿ.

ಕಳೆದ ವಾರ ಮಗಳಿಗೆ ಬೂಸ್ಟರ್ ಚುಚ್ಚುಮದ್ದು ಇತ್ತು. ದಪ್ತರ ಬಿಚ್ಚಿ ತಾಯಿ ಕಾರ್ಡ್ ತೆಗೆದೆ. ಕಾಲಂನಲ್ಲಿ ಡಿ.ಪಿ.ಟಿ. ಅಂತಿದೆ. ಅದರ ಡಿ, ಡಿಫ್ತೀರಿಯಾ, ನಮ್ಮ ಗಂಟಲುಮಾರಿ. ಆ ರೋಗದಲ್ಲಿ ಗಂಟಲಿನೊಳಗೆ ಬೂದು ಬಣ್ಣದ ಪೊರೆ ಚರ್ಮದ ಹಾಗೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಫ್ರಾನ್ಸಿನ ವೈದ್ಯ ಬ್ರೆತೊನೊ 1826ರಲ್ಲಿ ಆ ಗ್ರೀಕ್ ಚರ್ಮದಿಂದಲೇ ರೋಗಕ್ಕೆ ಹೆಸರಿಟ್ಟ. ಕಾರ್ಡನ್ನು ಕೈಯಲ್ಲಿ ಹಿಡಿದು, ಬಿಚ್ಚಿದ ಕೆಂಪು ಬಟ್ಟೆ ನೋಡುತ್ತಾ ಸ್ವಲ್ಪ ಹೊತ್ತು ಹಾಗೇ ಕೂತೆ. ಹೆಂಡತಿ ಹೊತ್ತಾಯ್ತು ಅಂತ ಕೂಗಿದಳು.

ಇದನ್ನೆಲ್ಲ ಬಳ್ಳಾರಿಯ ಗೆಳೆಯನಿಗೆ ಹೇಳಿದೆ. ಅವರ ಕಡೆ 1800ರಿಂದಲೇ ಮದ್ರಾಸಿನ ಆಳ್ವಿಕೆ. ಅವರ ಮನೆಯಲ್ಲಿ ದಪ್ತರ ಅನ್ನುವುದಿಲ್ಲವಂತೆ. "ನಾವು ಕಡತ ಅಂತೀವಿ" ಅಂದ. ಅವನು ಫೋನ್ ಇಟ್ಟ ಮೇಲೆ ಹೊಳೆಯಿತು. ಕಡತ ಅಂದ್ರೆ ಈಗ ಫೈಲು. ಮೊದಲು ಅದು ಬಟ್ಟೆ! ಹತ್ತಿ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇವೆ. ಅಲ್ಲಿ ಚರ್ಮ, ಇಲ್ಲಿ ಬಟ್ಟೆ. ಎರಡೂ ಆಫೀಸಿನ ಕಪಾಟಿಗೇ ಬಂದು ಸೇರಿವೆ.

ಅಜ್ಜಿ ಹುಣಸೆಬೀಜ ಎತ್ತಿಟ್ಟಿದ್ದಾರೆ. ನಿನ್ನೆ ಅರ್ಧ ಸೇರು ಹುರಿದು, ಸಿಪ್ಪೆ ತೆಗೆದು, ನೆನೆಹಾಕಿದ್ದೇನೆ. ಹಳೇ ಪಂಚೆಯ ಒಂದು ಮೊಳ ತುಂಡು ಸಿಕ್ಕಿದೆ. ಭಾನುವಾರ ಸರಿ ಕಾಯಿಸಿ ಬಳಿಯಬೇಕು.